ಹಣ್ಣಾದ ತಿಗಣೆ

ಸಮೇತನಹಳ್ಳಿಯಲ್ಲಿ ರುಕ್ಮಿಣಮ್ಮನ ಹುಳದ ಮನೆಯೊಳಕ್ಕೆ ಹೋಗುವುದೆಂದರೆ ಸುಲಭದ ಮಾತಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಮೆಟ್ಟಬೇಕು, ಕೈ ತೊಳೆಯಬೇಕು. ಬೀಡಿ ಸೇದಿ ಬಂದವರು ಅಂಗಳದಿಂದಲೇ ಮಾತಾಡಿಸಿಕೊಂಡು ಹೋಗಬೇಕು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುತ್ತದಲ್ಲ, ಅದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಹುಳ ನಾಲ್ಕನೇ ಜ್ವರ ಎದ್ದಿವೆ ಅಂದರೆ ಆ ವಾರವೆಲ್ಲ ಮನೆಯಲ್ಲಿ ಒಗ್ಗರಣೆ ಸಿಡಿಯುವುದೂ ಇಲ್ಲ. "ಮದುವೇಲಿ ನಮ್ಮ ಮಾವನೂ ನನ್ನ ಕಾಲನ್ನ ಇಷ್ಟು ತೊಳೀಲಿಲ್ಲ" ಎಂದು ಅವಳ ಗಂಡ ಲಕ್ಷ್ಮಯ್ಯ ನೆಂಟರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಅಂಥವಳ ತೋಟಕ್ಕೆ ಈ ವರ್ಷ ಹಿಟ್ಟು ತಿಗಣೆ ಬಿತ್ತು.

ಮೊದಲು ಕಂಡಿದ್ದು ಬದುವಿನ ಪಕ್ಕದ ಸಾಲಿನಲ್ಲಿ. ಯಾರೋ ಅಕ್ಕಿ ಹಿಟ್ಟು ಮೆತ್ತಿದ ಕೈಯನ್ನು ಹಿಪ್ಪುನೇರಳೆ ಕುಡಿಗೆ ಒರೆಸಿದ ಹಾಗಿತ್ತು. ಮುಟ್ಟಿದರೆ ಅಂಟು. ಆಮೇಲೆ ಕುಡಿ ಮುರುಟಿಕೊಂಡಿತು, ಎಲೆ ಗಂಟುಗಟ್ಟಿತು, ಕಾಂಡದ ಮೇಲೆ ಇರುವೆ ಸಾಲು ಹತ್ತಿತು. ಶ್ರಾವಣ ಕಳೆಯುವಷ್ಟರಲ್ಲಿ ಅರ್ಧ ತೋಟ ಬೆಳ್ಳಗಾಗಿತ್ತು. ಬೇರೆ ಬೆಳೆಯಾಗಿದ್ದರೆ ಪಂಪು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯಬಹುದಿತ್ತು. ರೇಷ್ಮೆ ಸೊಪ್ಪಿಗೆ ಹಾಗಿಲ್ಲ. ಔಷಧಿಯ ವಾಸನೆ ಇರುವ ಸೊಪ್ಪು ತಿಂದರೆ ಹುಳ ಹಸಿರು ಕಾರಿಕೊಂಡು ತಟ್ಟೆಯಲ್ಲೇ ಸಾಯುತ್ತವೆ.

ಲಕ್ಷ್ಮಯ್ಯ ಹೊಸಕೋಟೆ ಬೈಪಾಸಿನ ಪಕ್ಕ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಆ ಗೋದಾಮಿನವರು ಲಾರಿ ನಿಲ್ಲಿಸುವುದಕ್ಕೆ ಜಾಗ ಹುಡುಕುತ್ತಿದ್ದರು. ರಸ್ತೆ ಬದಿಯ ಈ ತೋಟದ ಮೇಲೆ ಅವರ ಕಣ್ಣು ಬಿದ್ದು ವರ್ಷವಾಗಿತ್ತು.

"ನಾನೇನು ಒತ್ತಾಯ ಮಾಡ್ತಾ ಇಲ್ಲ ಕಣೇ" ಎಂದ ಲಕ್ಷ್ಮಯ್ಯ, ಒಂದು ಸಂಜೆ ಕಾಫಿ ಲೋಟ ಕೆಳಗಿಡುತ್ತಾ. "ದಸರಾ ಆಗಲಿ. ಅಷ್ಟರಲ್ಲಿ ತೋಟ ಸರಿಹೋಯ್ತೋ, ನಿನ್ನ ಹುಳ ನಿನಗೆ. ಇಲ್ಲದಿದ್ರೆ ಗಿಡ ಕೀಳಿಸಿ ಜಲ್ಲಿ ಹಾಕಿಸೋಣ. ಸುಮ್ನೆ ಯಾಕೆ ಒದ್ದಾಡ್ತೀಯ?"

"ಒದ್ದಾಡೋಳು ನಾನು ತಾನೇ" ಎಂದಳು ರುಕ್ಮಿಣಮ್ಮ. ಅವಳು ಮದುವೆಯಾಗಿ ಬಂದ ವರ್ಷ ಅತ್ತೆ ಕೈಗೆ ಕೊಟ್ಟಿದ್ದು ಸೊಪ್ಪು ಕೊಯ್ಯುವ ಕುಡುಗೋಲು. ಅದನ್ನು ಗೋಡೆಗೆ ಸಿಕ್ಕಿಸಿ ಬೆಳಗ್ಗೆ ಎದ್ದು ಲಾರಿ ಲೆಕ್ಕ ಹಾಕುತ್ತಾ ಕೂರುವುದನ್ನು ನೆನೆದರೆ ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ತಿಗಣೆ ಎಲ್ಲಿಂದ ಬಂತು ಅನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬದುವಿನಾಚೆ ಹನುಮಂತರಾಯಪ್ಪನ ಪರಂಗಿ ತೋಟ. ಎರಡು ವರ್ಷದ ಹಿಂದೆ ಅವನು ಪರಂಗಿಗೆ ಔಷಧಿ ಹೊಡೆದಾಗ ಗಾಳಿ ಇತ್ತ ತಿರುಗಿ, ಆ ಸೊಪ್ಪು ತಿಂದ ಹುಳವೆಲ್ಲ ಗೂಡು ಕಟ್ಟುವ ಹೊತ್ತಿಗೆ ಸತ್ತಿದ್ದವು. ರುಕ್ಮಿಣಮ್ಮ ಸತ್ತ ಹುಳದ ಮಂಕರಿ ಹೊತ್ತುಕೊಂಡು ಹಾಲಿನ ಡೈರಿ ಮುಂದೆ ಅವನನ್ನು ತಡೆದು ನಿಲ್ಲಿಸಿ, ಊರೇ ಕೇಳುವ ಹಾಗೆ "ನೀನು ಮನುಷ್ಯ ಅಲ್ಲ, ಕಂಸ! ಮಕ್ಕಳ ಪ್ರಾಣ ತೆಗೆಯೋ ಕಂಸ!" ಅಂದಿದ್ದಳು. ಅವನೂ ಸುಮ್ಮನಿರಲಿಲ್ಲ. "ಆಯ್ತಮ್ಮ. ಇವತ್ತಿಂದ ನಿನ್ನ ಬದುವಿನ ಕಡೆ ಸಾಲಿಗೆ ಒಂದು ತೊಟ್ಟು ಔಷಧಿ ಹೊಡೆದರೆ ನನ್ನ ಹೆಸರು ಹನುಮಂತರಾಯಪ್ಪ ಅಲ್ಲ. ಗಿಡ ಕೊಳೆತು ಬೀಳಲಿ. ಆಮೇಲೆ ಹುಳ ಬಂತು ಅಂತ ನನ್ನ ಮನೆ ಬಾಗಿಲಿಗೆ ಬಂದೀಯ ಜೋಕೆ!" ಅಂದಿದ್ದ. ಹಟವಾದಿ, ಮಾತಿಗೆ ತಕ್ಕ ಹಾಗೆ ನಡೆದುಕೊಂಡ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಅವನ ಹೆಂಡತಿ ವರಲಕ್ಷ್ಮಮ್ಮ ಮೊಸರಿಗೆ ಹೆಪ್ಪು ಕೇಳಿಕೊಂಡು ಬರುವುದೂ ನಿಂತುಹೋಯಿತು.

ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯಿಂದ ಪ್ರಮೋದಾ ಎಂಬ ಹುಡುಗಿ ಬಂದದ್ದು ಭಾದ್ರಪದದಲ್ಲಿ. ರೇಷ್ಮೆ ಇಲಾಖೆಯವರು ಕಳಿಸಿದ್ದರು. ಕೈಯಲ್ಲಿ ಒಂದು ಸಣ್ಣ ಡಬ್ಬಿ. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿತ್ತು. ಸುಣ್ಣದ ಪುಡಿಯನ್ನು ಹೇಳದೆಯೇ ಮೆಟ್ಟಿದಳು ಎಂಬ ಒಂದೇ ಕಾರಣಕ್ಕೆ ರುಕ್ಮಿಣಮ್ಮನಿಗೆ ಅವಳು ಹಿಡಿಸಿದಳು.

"ಇದರಲ್ಲಿ ಏನಿದೆ ಮೇಡಂ?"

"ಕಣಜ ಅಮ್ಮ. ಹೆದರ್ಕೋಬೇಡಿ, ಕಚ್ಚಲ್ಲ. ಸಾಸಿವೆ ಕಾಳಿನ ಅರ್ಧವೂ ಇಲ್ಲ. ಇದು ಈ ತಿಗಣೆಯ ಮೈಯೊಳಗೆ ಮೊಟ್ಟೆ ಇಡತ್ತೆ. ಮರಿ ಒಳಗೇ ತಿಂದು ಬೆಳೆಯತ್ತೆ, ತಿಗಣೆ ಸಾಯತ್ತೆ."

ರುಕ್ಮಿಣಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯಯ್ಯೋ! ಬೇಡಮ್ಮ ತಾಯಿ. ಇದು ಊಜಿ ನೊಣದ ತಂಗಿ ಕಣಮ್ಮ! ಊಜಿನೂ ನಮ್ಮ ಹುಳದ ಮೇಲೆ ಹಿಂಗೇ ಮೊಟ್ಟೆ ಇಡೋದು. ಅದನ್ನ ಒಳಗೆ ಬಿಡಬಾರದು ಅಂತ ನಾನು ಕಿಟಕಿಗೆಲ್ಲ ಬಲೆ ಹೊಡೆದಿದ್ದೀನಿ, ನೀನು ಡಬ್ಬೀಲಿ ತುಂಬ್ಕೊಂಡು ಬಂದಿದ್ದೀಯ!"

ಪ್ರಮೋದಾ ನಕ್ಕಳು. ಆದರೆ ಆ ಭಯವನ್ನು ಹಗುರ ಮಾಡಲಿಲ್ಲ. ಒಂದು ಗಾಜಿನ ಲೋಟದಲ್ಲಿ ನಾಲ್ಕು ರೇಷ್ಮೆ ಹುಳ, ತಿಗಣೆ ಹತ್ತಿದ ಒಂದು ಕುಡಿ ಎರಡನ್ನೂ ಇಟ್ಟು, ಕಣಜ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದಳು. ಭೂತಗನ್ನಡಿಯನ್ನು ರುಕ್ಮಿಣಮ್ಮನ ಕೈಗೇ ಕೊಟ್ಟಳು. ಹಳದಿ ಚುಕ್ಕೆಯಂಥ ಜೀವಗಳು ರೇಷ್ಮೆ ಹುಳದ ಬೆನ್ನ ಮೇಲೆ, ರಸ್ತೆ ದಾಟುವವರ ಹಾಗೆ, ನಿಲ್ಲದೆ ನಡೆದುಹೋಗಿ ತಿಗಣೆಯನ್ನೇ ಹುಡುಕಿಕೊಂಡವು.

"ಇದಕ್ಕೆ ಈ ತಿಗಣೆ ಬಿಟ್ಟು ಬೇರೆ ಮನೆ ಗೊತ್ತಿಲ್ಲಮ್ಮ. ಎರಡೂ ಒಂದೇ ಊರಿನವು. ಮೆಕ್ಸಿಕೋ ಕಡೆಯವು. ಅಲ್ಲಿ ತಿಗಣೆ ಇದೆ, ಕಾಟ ಇಲ್ಲ, ಯಾಕಂದ್ರೆ ಈ ಕಣಜ ಇದೆ. ತಿಗಣೆ ಯಾವುದೋ ಹಣ್ಣಿನ ಜೊತೆಗೋ ಗಿಡದ ಜೊತೆಗೋ ಸಮುದ್ರ ದಾಟಿ ಊರೂರಿಗೆ ಹೋಯ್ತು. ಕಣಜ ಅಲ್ಲೇ ಉಳೀತು. ನಮ್ಮ ದೇಶಕ್ಕೆ ತಿಗಣೆ ಬಂದಾಗ ಹೊರಗಿನ ದೇಶದೋರೇ ಈ ಕಣಜ ಸಾಕಿ, ಪರೀಕ್ಷೆ ಮಾಡಿ, ವಿಮಾನದಲ್ಲಿ ಕಳಿಸಿಕೊಟ್ರು."

"ದುಡ್ಡಿಗಾ?"

"ಇಲ್ಲ, ಹಂಗೇ."

"ಹಂಗೇ ಯಾಕೆ ಕೊಟ್ರು? ನಾವೇನು ಅವರಿಗೆ ಬೀಗರಾ?"

ಪ್ರಮೋದಾ ಕೊಂಚ ಯೋಚಿಸಿದಳು. "ಹುಳಕ್ಕೆ ಗಡಿ ಗೊತ್ತಿಲ್ವಲ್ಲ ಅಮ್ಮ. ಇವತ್ತು ನಮಗೆ, ನಾಳೆ ಇನ್ನೊಬ್ಬರಿಗೆ. ಒಬ್ಬರ ಹತ್ರ ಇದ್ದಿದ್ದನ್ನ ಇನ್ನೊಬ್ಬರಿಗೆ ಕೊಡದಿದ್ರೆ ಯಾರೂ ಉಳಿಯಲ್ಲ."

"ಹೆಪ್ಪು ಕೊಟ್ಟ ಹಾಗೆ ಅನ್ನು" ಎಂದಳು ರುಕ್ಮಿಣಮ್ಮ. ಅಂದವಳು ಬದುವಿನಾಚೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು.

ಡಬ್ಬಿ ತೆರೆದು ತೋಟದಲ್ಲಿ ಅಲ್ಲಲ್ಲಿ ಬಿಟ್ಟ ಮೇಲೆ ಪ್ರಮೋದಾ ಒಂದೇ ಮಾತು ಹೇಳಿದಳು: "ಒಂದು ತಿಂಗಳು ಏನೂ ಮಾಡಬೇಡಿ. ಔಷಧಿ ಬೇಡ, ಕಡಿಯೋದು ಬೇಡ."

ಏನೂ ಮಾಡದೆ ಇರುವುದು ರುಕ್ಮಿಣಮ್ಮನಿಗೆ ಗೊತ್ತಿರದ ಕೆಲಸ. ಬೆಳಗ್ಗೆ ಹೋಗಿ ಸಾಲು ಸಾಲು ನೋಡಿಕೊಂಡು ಬರುತ್ತಾಳೆ, ಕೈ ತುರಿಸುತ್ತದೆ, ಸೆರಗಿಗೆ ಒರೆಸಿಕೊಂಡು ಬರುತ್ತಾಳೆ. ಹೀಗೆ ಇಪ್ಪತ್ತು ದಿನ ಕಳೆಯಿತೇನೋ. ಒಂದು ಶುಕ್ರವಾರ ಒಂದು ಎಲೆ ಮಗುಚಿ ನೋಡುತ್ತಾಳೆ, ತಿಗಣೆಯ ಬಣ್ಣ ಬದಲಾಗಿದೆ! ಬಿಳಿ ಹಿಟ್ಟು ಉದುರಿಹೋಗಿ, ಮೈ ಉಬ್ಬಿ, ಬೆಲ್ಲದ ಬಣ್ಣಕ್ಕೆ ತಿರುಗಿ, ಅಲುಗಾಡದೆ ಕೂತಿವೆ. ಇನ್ನೊಂದು ಎಲೆಯಲ್ಲೂ ಹಾಗೇ. ಇಡೀ ಸಾಲಿನಲ್ಲೂ ಹಾಗೇ.

ಇದು ಅವಳಿಗೆ ಗೊತ್ತಿರುವ ಲಕ್ಷಣ. ರೇಷ್ಮೆ ಹುಳ ಮೇವು ಬಿಟ್ಟು, ಮೈ ಬಣ್ಣ ತಿರುಗಿ, ಉಬ್ಬಿಕೊಂಡು ನಿಂತಿತೆಂದರೆ ಹಣ್ಣಾಯಿತು ಅಂತ ಲೆಕ್ಕ. ಹಣ್ಣಾದ ಹುಳ ಚಂದ್ರಿಕೆ ಅನ್ನುವ ಬಿದಿರ ತಟ್ಟಿಗೆ ಹತ್ತಿ ಗೂಡು ಕಟ್ಟುತ್ತದೆ, ಗೂಡಿನಿಂದ ಚಿಟ್ಟೆ ಬರುತ್ತದೆ, ಒಂದೊಂದು ಚಿಟ್ಟೆಯೂ ನೂರುಗಟ್ಟಲೆ ಮೊಟ್ಟೆ ಇಡುತ್ತದೆ. ಅಂದಮೇಲೆ ಈ ಹಾಳು ತಿಗಣೆಯೂ ಹಣ್ಣಾಗಿದೆ! ಇನ್ನೆರಡು ದಿನ ಬಿಟ್ಟರೆ ಒಂದಕ್ಕೆ ನೂರಾಗುತ್ತವೆ. ಬೆಂಗಳೂರಿನ ಹುಡುಗಿಗೆ ಪುಸ್ತಕದ್ದು ಗೊತ್ತು, ಪಾಪ. ಮೂವತ್ತು ವರ್ಷ ಹುಳ ಸಾಕಿದವಳ ಕಣ್ಣಿಗಿಂತ ಹೆಚ್ಚೇನು ಗೊತ್ತಿರುತ್ತದೆ?

ಫೋನು ಮಾಡಬೇಕು ಅಂತಲೂ ಅನ್ನಿಸಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ಕೇಳಿಕೊಂಡು ನೀರು ಹಾಕುತ್ತಾರೆಯೇ? ಕುಡುಗೋಲು ತೆಗೆದುಕೊಂಡು ಹೋದವಳು ಸಂಜೆಯವರೆಗೂ ಸೊಂಟ ನೆಟ್ಟಗೆ ಮಾಡಲಿಲ್ಲ. ಬೆಲ್ಲದ ಬಣ್ಣ ಕಂಡ ಕೊಂಬೆಯನ್ನೆಲ್ಲ ಕತ್ತರಿಸಿ, ಒಂದೆಲೆ ಬಿಡದ ಹಾಗೆ ಆಯ್ದು, ತೋಟದ ಮೂಲೆಯಲ್ಲಿ ರಾಶಿ ಹಾಕಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಳು. ಚಟಚಟ ಅಂತ ಉರಿಯುವುದನ್ನು ನೋಡುತ್ತಾ ನಿಂತಾಗ, ಎಷ್ಟೋ ವಾರದ ಮೇಲೆ ಹೊಟ್ಟೆ ತಣ್ಣಗಾಗಿತ್ತು.

ಪ್ರಮೋದಾ ಬಂದದ್ದು ಅದಾದ ವಾರಕ್ಕೆ.

"ಬಾಮ್ಮ, ಬಾ" ಎಂದು ರುಕ್ಮಿಣಮ್ಮ ಹಿಗ್ಗಿನಿಂದಲೇ ಕರೆದುಕೊಂಡು ಹೋದಳು. "ನಿನ್ನ ಕಣಜದ ಕೈಲಾಗದ್ದನ್ನ ನಾನೇ ಮುಗಿಸಿದೆ. ಹಣ್ಣಾಗಿದ್ವು ಕಣಮ್ಮ. ಇನ್ನು ಎರಡು ದಿನ ಬಿಟ್ಟಿದ್ರೆ ಗತಿ ಇರಲಿಲ್ಲ."

"ಹಣ್ಣಾಗಿದ್ವಾ?"

"ಹೂಂ. ಮೈಯೆಲ್ಲ ಉಬ್ಬಿ, ಬೆಲ್ಲದ ಬಣ್ಣ."

ಪ್ರಮೋದಾ ಬೂದಿಯ ರಾಶಿ ನೋಡಿದಳು. ಕತ್ತರಿಸಿದ ಸಾಲು ನೋಡಿದಳು. ಒಂದು ಮೋಟಿನ ಬುಡದಲ್ಲಿ ಕುಡುಗೋಲಿಗೆ ತಪ್ಪಿಸಿಕೊಂಡಿದ್ದ ಒಂದೆಲೆ ಇತ್ತು. ಅದನ್ನು ಕಿತ್ತು ಭೂತಗನ್ನಡಿ ಹಿಡಿದು, ಬದುವಿನ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಅದೇ ರುಕ್ಮಿಣಮ್ಮನಿಗೆ ಭಯ ಹುಟ್ಟಿಸಿತು.

"ನೋಡಿ ಅಮ್ಮ. ಇದರ ಬೆನ್ನಲ್ಲಿ ಗುಂಡಗೆ ಒಂದು ತೂತು ಕಾಣತ್ತಾ?"

"ಕಾಣತ್ತೆ."

"ಇದು ತಿಗಣೆ ಅಲ್ಲ. ಸತ್ತ ತಿಗಣೆಯ ತೊಗಲು. ಒಳಗೆ ಬೆಳೆದ ಕಣಜ ಆ ತೂತು ಕೊರೆದು ಹೊರಗೆ ಹೋಗಿದೆ. ಬೆಲ್ಲದ ಬಣ್ಣಕ್ಕೆ ತಿರುಗಿದ್ವು ಅಂದ್ರೆ ಒಳಗೆ ಕಣಜದ ಮರಿ ಇತ್ತು ಅಂತ. ನೀವು ಸುಟ್ಟಿದ್ದು..." ಅಲ್ಲಿಗೆ ನಿಲ್ಲಿಸಿದಳು.

ರುಕ್ಮಿಣಮ್ಮ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯಲಿಲ್ಲ. ತೆಗೆದರೆ ಆ ಹುಡುಗಿಯ ಮುಖ ನೋಡಬೇಕಾಗುತ್ತಿತ್ತು. "ತೊಟ್ಟಿಲು ಸುಟ್ಟೆ ಅನ್ನು" ಎಂದಳು ಕೊನೆಗೆ. "ಎಲ್ಲಿಂದಲೋ ಯಾರೋ ಜೋಪಾನವಾಗಿ ಕಳಿಸಿದ್ದನ್ನ ನಾನು ಬೆಂಕಿಗೆ ಹಾಕಿದೆ. ಇನ್ನೊಂದು ಡಬ್ಬಿ ಸಿಗಲ್ವೇನಮ್ಮ?"

"ಸದ್ಯಕ್ಕಿಲ್ಲ ಅಮ್ಮ. ಇದ್ದಿದ್ದನ್ನೆಲ್ಲ ಬೇರೆ ತಾಲ್ಲೂಕುಗಳಿಗೆ ಹಂಚಿಬಿಟ್ಟಿದ್ದೀವಿ. ಮತ್ತೆ ಸಾಕಿ ಕೊಡೋ ಹೊತ್ತಿಗೆ ದೀಪಾವಳಿ ದಾಟತ್ತೆ."

ಕತ್ತರಿಸಿದ ಗಿಡದಲ್ಲಿ ಹೊಸ ಚಿಗುರು ಬರುತ್ತಿತ್ತು. ಆ ಚಿಗುರಿನ ತುದಿಯಲ್ಲೂ ಆಗಲೇ ಬಿಳಿ ಹಿಟ್ಟು. ದಸರಾ ಕಣ್ಣೆದುರಿಗಿತ್ತು. ರುಕ್ಮಿಣಮ್ಮನಿಗೆ ಜಲ್ಲಿ ಸುರಿಯುವ ಸದ್ದು ಕೇಳಿಸಿದಂತಾಯಿತು.

ಆದರೆ ನಿಜವಾಗಿ ಕೇಳುತ್ತಿದ್ದ ಸದ್ದು ಮಚ್ಚಿನದು. ಬದುವಿನಾಚೆ ಹನುಮಂತರಾಯಪ್ಪನ ಆಳು ಬೈರಣ್ಣ ಪರಂಗಿ ಗಿಡ ಕಡಿದು ಉರುಳಿಸುತ್ತಿದ್ದ. ಒಂದು ಗಿಡ ಧೊಪ್ಪನೆ ಬಿತ್ತು. ಪ್ರಮೋದಾ ತಲೆಯೆತ್ತಿದಳು.

"ಅವರು ಪರಂಗಿಗೆ ಔಷಧಿ ಹೊಡೀತಾರಾ?"

"ಈ ಬದುವಿನ ಸಾಲಿಗೆ ಹೊಡೆಯಲ್ಲ. ನನ್ನ ಮೇಲಿನ ಸಿಟ್ಟಿಗೆ ಎರಡು ವರ್ಷದಿಂದ ಬಿಟ್ಟಿದ್ದಾನೆ."

ಪ್ರಮೋದಾ ಬದು ಹತ್ತಿ, ಇತ್ತ ಬಾಗಿದ್ದ ಒಂದು ಪರಂಗಿ ಎಲೆಯನ್ನು ಎಳೆದು ಮಗುಚಿ ನೋಡಿದಳು. ನೋಡಿದವಳು "ಅಮ್ಮಾ!" ಎಂದು ಕೂಗಿಕೊಂಡಳು. ಎಲೆಯ ತಳದ ತುಂಬ ಬೆಲ್ಲದ ಬಣ್ಣದ ಕಾಳು ಚೆಲ್ಲಿದ ಹಾಗೆ. "ನೀವು ಸುಡೋಕೆ ಮುಂಚೆನೇ ಒಂದಷ್ಟು ಈ ಕಡೆ ಹಾರಿ ಬಂದಿವೆ. ಇಲ್ಲಿ ಯಾರೂ ಏನೂ ಮಾಡಿಲ್ಲ, ಚೆನ್ನಾಗಿ ಬೆಳೆದಿವೆ. ಆದ್ರೆ ಗಿಡ ಕಡಿದು ಸುಟ್ರೆ ಇದೂ ಹೋಯ್ತು. ನಾನು ಹೋಗಿ ಹೇಳ್ತೀನಿ."

"ನೀನು ಹೇಳಿದ್ರೆ ಅವನು ಕೇಳಲ್ಲ. ಹಟಮಾರಿ ಮುಂಡೇದು" ಎಂದಳು ರುಕ್ಮಿಣಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ವರ್ಷದಿಂದ ದಾಟದಿದ್ದ ಬದುವನ್ನು ದಾಟಿದಳು.

ಹನುಮಂತರಾಯಪ್ಪ ಹೊಂಗೆ ಮರದ ಕೆಳಗೆ ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕೂತಿದ್ದ. ಇವಳು ಬರುವುದನ್ನು ನೋಡಿಯೂ ನೋಡದವನ ಹಾಗೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡ.

"ಏನ್ ಬೈರಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟವ್ನೆ ನೋಡ್ಲಾ?"

"ಬದುವಿನ ಕಡೆಯಿಂದ ಬಂದಂಗೈತೆ ಗೌಡ್ರೇ" ಎಂದ ಬೈರಣ್ಣ, ಮಚ್ಚಿನ ಮೇಲೆ ಕೈಯೂರಿ.

"ರಾಯಪ್ಪಣ್ಣ, ಗಿಡ ಕಡಿಯೋದು ನಿಲ್ಸು" ಎಂದಳು ರುಕ್ಮಿಣಮ್ಮ.

"ಯಾಕಮ್ಮಾ? ನನ್ನ ಗಿಡ, ನನ್ನ ನೆಲ. ಟೊಮೇಟೊ ಇಡಬೇಕು. ನಾಳೆ ಟ್ರ್ಯಾಕ್ಟರ್ ಬರ್ತದೆ. ಕಡಿದ್ರೂ ನಿಂಗೆ ತೊಂದರೆ, ಇಟ್ರೂ ನಿಂಗೆ ತೊಂದರೆ. ನಾನೇನು ಗಿಡಾನ ತಲೆ ಮೇಲೆ ಹೊತ್ಕೊಂಡು ನಿಲ್ಲಲಾ?"

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಡಬ್ಬಿಯಲ್ಲಿ ಬಂದ ಕಣಜ, ಬೆಲ್ಲದ ಬಣ್ಣ, ತಾನು ಹಣ್ಣಾಗಿದೆ ಅಂದುಕೊಂಡದ್ದು, ಸೀಮೆಎಣ್ಣೆ, ಬೆಂಕಿ. ದಸರಾ, ಲಾರಿ, ಜಲ್ಲಿ. ಏನನ್ನೂ ಮುಚ್ಚಿಡಲಿಲ್ಲ. ಹನುಮಂತರಾಯಪ್ಪ ಮೊದಲು ಹುಬ್ಬು ಏರಿಸಿದ, ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು, ಆಮೇಲೆ ಎಲೆಯ ರಸ ಗಂಟಲಿಗೆ ಹತ್ತಿ ಕೆಮ್ಮಿದ.

"ಮೆಕ್ಸಿಕೋದಿಂದ ವಿಮಾನದಲ್ಲಿ ಬಂದ ನೆಂಟರ ವಂಶಕ್ಕೆ ಸೀಮೆಎಣ್ಣೆ ಹಾಕಿದ್ಯಾ! ಡೈರಿ ಮುಂದೆ ನನ್ನ ಏನಂದೆ ನೀನು? ನೆನಪೈತಾ?"

"ಕಂಸ ಅಂದೆ."

"ಈಗ ಕಂಸನ ಹತ್ರಾನೇ ಮಕ್ಕಳನ್ನ ಕೇಳ್ಕೊಂಡು ಬಂದಿದ್ದೀಯ."

"ಕಂಸ ನಾನಾದೆ ಅಣ್ಣ" ಎಂದಳು ರುಕ್ಮಿಣಮ್ಮ. "ಉಳಿದ ಮಕ್ಕಳು ನಿನ್ನ ಗೋಕುಲದಲ್ಲಿ ಬೆಳೀತಾ ಅವೆ. ಅವನ್ನಾದ್ರೂ ಉಳಿಸಿಕೊಡು."

ಹನುಮಂತರಾಯಪ್ಪನ ನಗು ನಿಂತಿತು. ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡ. ಬದುವಿನ ಮೇಲೆ ನಿಂತಿದ್ದ ಹುಡುಗಿಯನ್ನು ನೋಡಿದ. ಎದುರಿಗೆ ನಿಂತವಳ ಕೆಸರು ಕಾಲು ನೋಡಿದ.

"ಅವತ್ತು ಗಾಳಿ ತಿರುಗ್ತು ಕಣಮ್ಮ" ಎಂದ ಮೆಲ್ಲಗೆ. "ಅಷ್ಟೇ."

"ಗೊತ್ತು ಅಣ್ಣ. ಅವತ್ತೇ ಗೊತ್ತಿತ್ತು. ಹೊಟ್ಟೆ ಉರಿಗೆ ಅಂದುಬಿಟ್ಟೆ."

ಆಮೇಲೆ ಹನುಮಂತರಾಯಪ್ಪ ಎದ್ದು, ಪಂಚೆ ಕೊಡವಿ, ಬೈರಣ್ಣನ ಮೇಲೆ ರೇಗಿದ. "ಏನ್ಲಾ ಬಾಯಿ ಬಿಟ್ಕೊಂಡು ನಿಂತಿದ್ದೀಯ? ಮಚ್ಚು ಕೆಳಗಿಡು! ಟ್ರ್ಯಾಕ್ಟರಿನೋನಿಗೆ ಫೋನ್ ಮಾಡಿ, ಆ ಕಡೆ ಹೊಲ ಉಳು, ಬದುವಿನ ಸಾಲಿನ ತಂಟೆಗೆ ಬರಬೇಡ ಅನ್ನು. ಮೇಡಮ್ಮೋರೇ, ಬನ್ನಿ ಈ ಕಡೆ. ಯಾವ ಎಲೆ ಬೇಕು ತೋರಿಸಿ."

ಆ ಮಧ್ಯಾಹ್ನ ಸಮೇತನಹಳ್ಳಿಯ ರಸ್ತೆಯಲ್ಲಿ ಹೋದವರು ಒಂದು ವಿಚಿತ್ರ ನೋಡಿದರು. ಹನುಮಂತರಾಯಪ್ಪ, ಅವನ ಹಿಂದೆ ಬೈರಣ್ಣ, ಅವನ ಹಿಂದೆ ಗದ್ದಲ ಕೇಳಿ ಓಡಿಬಂದ ವರಲಕ್ಷ್ಮಮ್ಮ, ಮೂವರೂ ಪರಂಗಿ ಎಲೆಗಳನ್ನು ಛತ್ರಿಯ ಹಾಗೆ ಹಿಡಿದುಕೊಂಡು ಬದು ದಾಟುತ್ತಿದ್ದಾರೆ. ಆ ಕಡೆಯಲ್ಲಿ ರುಕ್ಮಿಣಮ್ಮ, ಪ್ರಮೋದಾ ಇಬ್ಬರೂ ಒಂದೊಂದೇ ಎಲೆ ಈಸಿಕೊಂಡು, ಒಳಗಿನ ಕಣಜ ಅಲ್ಲೇ ಹೊರಗೆ ಬರಲಿ ಅಂತ, ಹಿಪ್ಪುನೇರಳೆ ಗಿಡಕ್ಕೆ ಬಾಳೆಪಟ್ಟೆಯಲ್ಲಿ ಕಟ್ಟುತ್ತಿದ್ದಾರೆ. "ಅಲುಗಾಡಿಸಬೇಡ್ರೋ, ಬಾಣಂತಿ ಮನೆ!" ಎಂದು ವರಲಕ್ಷ್ಮಮ್ಮ ಗಂಡನನ್ನೇ ಗದರುತ್ತಿದ್ದಳು.

ಲಕ್ಷ್ಮಯ್ಯ ಸಂಜೆ ಬಂದು ತೋಟದ ತುಂಬ ಬಾಡಿದ ಪರಂಗಿ ಎಲೆ ನೇತಾಡುವುದನ್ನು ಕಂಡು, "ದೃಷ್ಟಿಗಾ?" ಎಂದು ಕೇಳಿದ. ರುಕ್ಮಿಣಮ್ಮ ಹೇಳಿದ ಕಥೆಯನ್ನು ಪೂರ್ತಿ ಕೇಳಿ, ಬೂಟು ಬಿಚ್ಚುತ್ತಾ, "ನಿಂದೂ ರಾಯಪ್ಪನ್ದೂ ಮಾತು ಶುರುವಾಯ್ತಾ? ಹಂಗಾದ್ರೆ ಇನ್ನೇನಾದ್ರೂ ಆಗಬಹುದು. ದಸರಾ ಅಂದಿದ್ದೆ, ಇನ್ನೊಂದು ತಿಂಗಳು ಸೇರಿಸ್ಕೋ" ಎಂದ.

ರುಕ್ಮಿಣಮ್ಮ ಈ ಸಲ ಕುಡುಗೋಲನ್ನು ವರಲಕ್ಷ್ಮಮ್ಮನ ಮನೆಯಲ್ಲಿ ಇಟ್ಟುಬಂದಿದ್ದಳು. ಬೇಕಾದರೆ ಕೇಳಿ ಪಡೆಯಬೇಕು, ಕೇಳಿದರೆ ಯಾಕೆಂದು ಹೇಳಬೇಕು. ಮಳೆ ಒಂದೆರಡು ಸಲ ಬಂದು ಹೋಯಿತು. ಬಿಳಿ ಹಿಟ್ಟು ಮೊದಲು ನಿಂತಿತು, ಆಮೇಲೆ ತೆಳುವಾಯಿತು, ಆಮೇಲೆ ಹುಡುಕಿದರೆ ಸಿಗುವಷ್ಟಾಯಿತು. ಇರುವೆಗಳು ಬೇರೆ ದಾರಿ ಹಿಡಿದವು. ದಸರಾ ದಾಟಿ ದೀಪಾವಳಿಯ ಹೊತ್ತಿಗೆ ಚಿಗುರು ನೆಟ್ಟಗೆ ಎದ್ದು, ಎಲೆ ಅಂಗೈಯಗಲ ಬಿಚ್ಚಿಕೊಂಡಿತು. ಲಕ್ಷ್ಮಯ್ಯ ಒಂದು ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ತೋಟದೊಳಗೆ ಒಂದು ಸುತ್ತು ಹಾಕಿ ಬಂದ. ಗೇಟಿನ ಹತ್ತಿರ ಬೈಕು ನಿಲ್ಲಿಸಿಕೊಂಡು ಫೋನಿನಲ್ಲಿ, "ಇಲ್ಲ ಸಾರ್, ಆ ಜಾಗ ಆಗಲ್ಲ. ಬೂದಿಗೆರೆ ಕಡೆ ನೋಡಿ" ಅನ್ನುವುದು ಹೆಂಡತಿಗೆ ಕೇಳಿಸಿತು. ರುಕ್ಮಿಣಮ್ಮ ಹುಳದ ಮನೆಯ ಬಾಗಿಲಿಗೆ ಒರಗಿ, ತುಂಬ ಹೊತ್ತಿನಿಂದ ಹೊತ್ತಿದ್ದ ಹೊರೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು. ಆ ವಾರವೇ ಚಾಕಿ ಮರಿ, ಅಂದರೆ ಎಳೆಯ ರೇಷ್ಮೆ ಹುಳ, ತಂದು ತಟ್ಟೆಗೆ ಬಿಟ್ಟಳು.

ಕಾರ್ತಿಕದಲ್ಲಿ ಪ್ರಮೋದಾ ಮತ್ತೆ ಬಂದಳು. ಈ ಸಲ ಕೈಯಲ್ಲಿದ್ದ ಡಬ್ಬಿಗಳು ಖಾಲಿ.

"ಅಮ್ಮ, ಒಂದು ಸಹಾಯ ಬೇಕು. ಆಫ್ರಿಕಾ ಕಡೆ ಒಂದು ದೇಶಕ್ಕೆ ಈ ತಿಗಣೆ ಹೊಸದಾಗಿ ಹೋಗಿದೆಯಂತೆ. ಪರಂಗಿ, ಮರಗೆಣಸು ಎಲ್ಲ ಹಾಳಾಗ್ತಾ ಇದೆಯಂತೆ. ಅವರು ಕೇಳಿದ್ದಾರೆ, ಎರಡೂ ಸರ್ಕಾರದವರು ಒಪ್ಪಿದ್ದಾರೆ. ನಿಮ್ಮ ತೋಟದ್ದು ಒಳ್ಳೆ ಜೋರಾಗಿವೆ. ಒಂದಿಷ್ಟು ತಗೊಂಡು ಹೋಗಿ, ಲ್ಯಾಬಲ್ಲಿ ಬೆಳೆಸಿ, ಕಳಿಸೋಣ ಅಂತ."

"ನಮ್ಮ ತೋಟದ್ದು ಅನ್ನಿ" ಎಂದ ಹನುಮಂತರಾಯಪ್ಪ ಬದುವಿನಾಚೆಯಿಂದ. ಈಗೀಗ ಅವನ ಕಿವಿ ಈ ಕಡೆಗೇ ಇರುತ್ತಿತ್ತು. "ಹುಟ್ಟಿ ಬೆಳೆದಿದ್ದು ನನ್ನ ಪರಂಗೀಲಿ."

"ಬಂದು ಇಳಿದಿದ್ದು ನನ್ನ ಸೊಪ್ಪಲ್ಲಿ" ಎಂದಳು ರುಕ್ಮಿಣಮ್ಮ.

"ಇಳಿದೋರಿಗೆ ನೀನು ಮಾಡಿದ ಮರ್ಯಾದೆ ಊರಿಗೇ ಗೊತ್ತು!"

ವರಲಕ್ಷ್ಮಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ರುಕ್ಮಿಣಮ್ಮನೂ ನಕ್ಕಳು. ನಗುತ್ತಲೇ ಸಾಲಿನೊಳಗೆ ಇಳಿದು, ಬೆಲ್ಲದ ಬಣ್ಣದವು ಇರುವ ಎಲೆಗಳನ್ನೇ ಒಂದೊಂದಾಗಿ ಹುಡುಕಿ, ತೊಟ್ಟು ನಲುಗದ ಹಾಗೆ ಕಿತ್ತು ಡಬ್ಬಿಗೆ ತುಂಬಿದಳು. ಕೊನೆಯ ಡಬ್ಬಿಗೆ ಬಟ್ಟೆ ಕಟ್ಟುವಾಗ ಅವಳ ಕೈ ತಡೆಯಿತು.

"ಅಲ್ಲಮ್ಮ, ಅಷ್ಟು ದೂರ. ದಾರೀಲಿ ಮರಿ ಹೊರಗೆ ಬಂದ್ರೆ? ಹೊಟ್ಟೆಗೇನು ಗತಿ?"

"ಮುಚ್ಚಳದ ಒಳಗಡೆ ಜೇನುತುಪ್ಪದ ಒಂದು ಗೆರೆ ಎಳೀತೀವಿ ಅಮ್ಮ. ಅದನ್ನ ನೆಕ್ಕಿಕೊಂಡು ಇರ್ತವೆ."

"ಸದ್ಯ" ಎಂದಳು ರುಕ್ಮಿಣಮ್ಮ, ಗಂಟು ಬಿಗಿಯುತ್ತಾ. "ಹಸಕೊಂಡು ಹೋಗಲ್ವಲ್ಲ."

ಡಬ್ಬಿಗಳನ್ನು ಹುಡುಗಿಯ ಕೈಗೆ ಕೊಟ್ಟು, ಕಾಲಿಗೆ ಸುಣ್ಣದ ಪುಡಿ ಮೆಟ್ಟಿ, ಹುಳಕ್ಕೆ ಸೊಪ್ಪು ಹಾಕಲು ಒಳಗೆ ಹೋದಳು.